ಹದ್ದು ವಾಸನೆ ‘ಹಿಡಿದು’ ಬರುತ್ತದಾ? ಬೇಟೆಹಕ್ಕಿಗಳ ಕಣ್ಣು, ಕಿವಿ, ಮೂಗಿನ ಮಾತುಗಳ ಬಗ್ಗೆ

ಗೆಳೆಯರಿಗೆ ನಮಸ್ಕಾರ.

ಮಕ್ಕಳಿಗಾಗಿ ಬರೆದ ಹಕ್ಕಿ ಪುಸ್ತಕವೊಂದರ ಕರಡು ತಿದ್ದುತ್ತಿದ್ದೇನೆ. ಅದರಲ್ಲೊಂದು ಸಾಲು: ‘ಹದ್ದುಗಳು ದೂರದಿಂದಲೇ ಸತ್ತ ಪ್ರಾಣಿಯ ವಾಸನೆ ಹಿಡಿದು ಬರುತ್ತವೆ.’ ಕನ್ನಡ ಸಲೀಸಾಗಿದೆ, ವ್ಯಾಕರಣದ ತಪ್ಪಿಲ್ಲ. ಆದರೆ ಯಾವ ಹದ್ದು? ನನ್ನ ತಕರಾರು ಶುರುವಾಗುವುದೇ ಅಲ್ಲಿ.

ನಮ್ಮ ಬಾಯಲ್ಲಿ ಮೀನು ಮಾರ್ಕೆಟ್ ಮೇಲೆ ಗಿರಕಿ ಹೊಡೆಯುವುದೂ ಹದ್ದು, ಕೋಳಿಮರಿ ಎತ್ತಿಕೊಂಡು ಹೋಗುವುದೂ ಹದ್ದು, ಟೀವಿಯಲ್ಲಿ ಕಾಣುವ ಈಗಲ್ ಕೂಡ ಹದ್ದು. ‘ರಣ’ ಸೇರಿಸಿದರೆ ಸತ್ತ ದನ ತಿನ್ನುವ ಹಕ್ಕಿ. ಪದವಂತೂ ಬಹಳ ಹಳೆಯದು. ಹಳಗನ್ನಡದ ‘ಪರ್ದು’ ಇದರ ಅಜ್ಜ, ತಮಿಳಿನ ‘ಪರುಂದು’ ಹತ್ತಿರದ ನೆಂಟ. ದಿನದ ಮಾತಿಗೆ ಈ ಒಂದು ಪದ ಸಾಕು. ಆದರೆ ಯಾವ ಹಕ್ಕಿ ಏನನ್ನು ನಂಬಿ ಊಟ ಹುಡುಕುತ್ತದೆ ಎಂದು ಹೇಳಹೊರಟರೆ ಎಲ್ಲ ಕಲಸಿಹೋಗುತ್ತದೆ.

ರಾಮನಗರದ ರಾಮದೇವರ ಬೆಟ್ಟದಲ್ಲಿ ಉದ್ದಕೊಕ್ಕಿನ ರಣಹದ್ದುಗಳಿವೆಯಲ್ವಾ, ಅವು ಊಟ ಹುಡುಕುವುದು ಕಣ್ಣಿನಿಂದ. ಬಿಸಿಗಾಳಿ ಏರುವ ಹೊತ್ತಿಗೆ ಮೇಲೆದ್ದು, ಆಕಾಶದಲ್ಲಿ ಒಂದಕ್ಕೊಂದು ದೂರ ದೂರ ಹರಡಿಕೊಳ್ಳುತ್ತವೆ. ಪ್ರತಿಯೊಂದೂ ನೆಲ ನೋಡುತ್ತದೆ, ಜೊತೆಗೆ ಪಕ್ಕದ ಹಕ್ಕಿಯನ್ನೂ ನೋಡುತ್ತಿರುತ್ತದೆ. ಒಂದು ಕೆಳಗಿಳಿದರೆ ಪಕ್ಕದ್ದು ಅತ್ತ ತಿರುಗುತ್ತದೆ, ಅದನ್ನು ನೋಡಿ ಇನ್ನೊಂದು. ನೆಲದಲ್ಲಿ ಕಾಗೆ, ನಾಯಿ ಸೇರಿದ್ದರೆ ಅದೂ ಸುಳಿವೇ. ಸ್ವಲ್ಪ ಹೊತ್ತಿನಲ್ಲಿ ಹಿಂಡೇ ಬಂದಿಳಿಯುವುದನ್ನು ನೋಡಿ ಜನ ‘ವಾಸನೆ ಬಡಿದು ಬಂದವು’ ಅನ್ನುತ್ತಾರೆ. ಏಷ್ಯಾ, ಆಫ್ರಿಕಾ, ಯುರೋಪಿನ ರಣಹದ್ದುಗಳೆಲ್ಲ ಹೆಚ್ಚುಕಮ್ಮಿ ಹೀಗೇ. ಹಕ್ಕಿಗಳ ಸಂಖ್ಯೆ ಕುಸಿದರೆ ಈ ನೋಟದ ಸರಪಳಿಯೂ ತುಂಡಾಗುತ್ತದೆ. ದನಗಳಿಗೆ ಕೊಡುತ್ತಿದ್ದ, ಅವುಗಳ ಹೆಣ ತಿಂದ ರಣಹದ್ದಿಗೆ ವಿಷವಾಗುವ ನೋವಿನ ಔಷಧಿ ಡೈಕ್ಲೋಫೆನಾಕ್ ದೆಸೆಯಿಂದ ನಮ್ಮಲ್ಲಿ ಎಷ್ಟು ರಣಹದ್ದು ಹೋದವು ಅನ್ನುವುದು ಗೊತ್ತಿರುವ ಕಥೆ. ದನಗಳಿಗೆ ಆ ಔಷಧಿ ಕೊಡುವುದನ್ನು 2006ರಲ್ಲಿ ನಿಷೇಧಿಸಿದರು.

ಹಾಗಾದರೆ ‘ವಾಸನೆ ಹಿಡಿದು’ ಪೂರ್ತಿ ಸುಳ್ಳಾ? ಅಲ್ಲ, ಅಮೆರಿಕಕ್ಕೆ ಹೋದರೆ ನಿಜ. ಅಲ್ಲಿನ ಟರ್ಕಿ ವಲ್ಚರ್ ಎಂಬ ರಣಹದ್ದು ಮೂಗಿನ ಹಕ್ಕಿ. ದಟ್ಟ ಕಾಡಿನ ಮೇಲೆ ಮರದ ತುದಿ ಸವರುವ ಹಾಗೆ ತಗ್ಗಿನಲ್ಲಿ ಹಾರುತ್ತಾ, ಎಲೆಗಳ ಕೆಳಗೆ ಮರೆಯಾದ ಸತ್ತ ಪ್ರಾಣಿಯನ್ನು ವಾಸನೆಯಿಂದಲೇ ಪತ್ತೆ ಮಾಡುತ್ತದೆ. ಇದರ ಬಗ್ಗೆ ನೂರಕ್ಕೂ ಹೆಚ್ಚು ವರ್ಷ ಜಗಳ ನಡೆದಿದೆ. 1826ರಲ್ಲಿ ಹಕ್ಕಿ ಚಿತ್ರಕಾರ ಆಡುಬಾನ್ ಎಡಿನ್‌ಬರೋದಲ್ಲಿ ಒಂದು ಪ್ರಬಂಧ ಓದಿಸಿ, ಈ ಹಕ್ಕಿಗೆ ಮೂಗೇ ಕೆಲಸ ಮಾಡುವುದಿಲ್ಲ ಎಂದು ವಾದಿಸಿದ. ಜಿಂಕೆ ಚರ್ಮಕ್ಕೆ ಹುಲ್ಲು ತುಂಬಿ ಬಯಲಲ್ಲಿಟ್ಟರೆ ಹಕ್ಕಿ ಬಂತು, ಕೊಳೆತ ಹಂದಿಯನ್ನು ಮುಚ್ಚಿಟ್ಟರೆ ಬರಲಿಲ್ಲ ಎಂಬುದು ಅವನ ಸಾಕ್ಷಿ. ಅವನ ಪ್ರಯೋಗಕ್ಕೆ ಬಂದದ್ದು ಮೂಗು ಮಂದವಾದ ಕರಿ ವಲ್ಚರ್ ಇದ್ದಿರಬಹುದು ಎಂದು ಆಮೇಲಿನವರು ಹೇಳುತ್ತಾರೆ. ಅಲ್ಲದೆ ಟರ್ಕಿ ವಲ್ಚರ್‌ಗೆ ತೀರಾ ಕೊಳೆತದ್ದು ಅಷ್ಟಾಗಿ ಹಿಡಿಸುವುದಿಲ್ಲ.

ಜಗಳ ಬಿಡಿಸಿದ್ದು ಗ್ಯಾಸ್ ಪೈಪಿನವರು. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪೈಪ್ ಸೋರುವ ಜಾಗದ ಮೇಲೆ ಈ ಹಕ್ಕಿಗಳು ಸುತ್ತುತ್ತಿದ್ದವು. ಕಾರಣ ಗ್ಯಾಸಿನಲ್ಲಿದ್ದ ಈಥೈಲ್ ಮರ್ಕ್ಯಾಪ್ಟಾನ್, ಕೊಳೆಯುವ ಮಾಂಸದಿಂದಲೂ ಹೊರಡುವ ರಾಸಾಯನಿಕ. 1964ರಲ್ಲಿ ಕೆನೆತ್ ಸ್ಟೇಜರ್ ಎಂಬ ವಿಜ್ಞಾನಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ನಮ್ಮ ಅಡುಗೆ ಸಿಲಿಂಡರ್ ಸೋರಿದರೆ ಮೂಗಿಗೆ ಬಡಿಯುವ ವಾಸನೆಗೂ ಅದನ್ನೇ ಬೆರೆಸುತ್ತಾರೆ.

ಈಗ ಮೊದಲ ಪ್ರಶ್ನೆ. ಈ ಹಕ್ಕಿಗೆ ಕನ್ನಡದಲ್ಲಿ ಏನನ್ನೋಣ? ‘ಟರ್ಕಿ ರಣಹದ್ದು’ ಅಂದರೆ ಮಕ್ಕಳು ಟರ್ಕಿ ದೇಶಕ್ಕೆ ಹೋಗಿಬಿಡುತ್ತಾರೆ. ಟರ್ಕಿ ಕೋಳಿಯ ಹಾಗೆ ಬೋಳು ಕೆಂಪು ತಲೆ ಇರುವುದಕ್ಕೆ ಆ ಹೆಸರು. ‘ಕೆಂಪುತಲೆ ರಣಹದ್ದು’ ಮಾಡೋಣ ಅಂದರೆ ಆ ಹೆಸರಿನದು ನಮ್ಮಲ್ಲೇ ಬೇರೆ ಇದೆ. ಇನ್ನೊಂದು ತೊಡಕು, ಅಮೆರಿಕದ ಈ ಹಕ್ಕಿಗಳ ಕುಟುಂಬವೇ ಬೇರೆ. ಸತ್ತದ್ದನ್ನು ತಿನ್ನುವ ಕಸುಬು ಒಂದೇ ಆದ್ದರಿಂದ ರೂಪ ಹೋಲುತ್ತದೆ, ಅಷ್ಟೆ. ‘ಮೂಗುಹದ್ದು’ ಎಂದೊಂದು ಹೆಸರು ನನ್ನ ತಲೆಯಲ್ಲಿದೆ. ನಗುವವರು ನಗಬಹುದು, ಆದರೆ ಇನ್ನೂ ಒಳ್ಳೆಯದನ್ನು ಕೊಡಿ.

ಕ್ರಿಯಾಪದದ ವಿಷಯದಲ್ಲಿ ನನಗೆ ಗೊಂದಲ ಕಡಿಮೆ. ‘ಮೂಸು’ ಇಲ್ಲಿ ಹೊಂದುವುದಿಲ್ಲ. ಮೂಸಬೇಕಾದರೆ ವಸ್ತು ಮೂಗಿನ ಹತ್ತಿರ ಇರಬೇಕು. ಗಾಳಿಯಲ್ಲಿ ಬರುವುದನ್ನು ಹಿಂಬಾಲಿಸುವುದಕ್ಕೆ ‘ವಾಸನೆಯ ಜಾಡು ಹಿಡಿ’ ಚೆನ್ನಾಗಿ ಕೂರುತ್ತದೆ. ತೈವಾನ್‌ನಲ್ಲಿ ಜೇನು ಸಾಕುವವರು ಹುಳಗಳಿಗೆ ಇಡುವ ಪರಾಗದ ಉಂಡೆಯನ್ನು ಜೇನುಗಿಡುಗ ಬಂದು ತಿನ್ನುತ್ತದೆ. ಬಣ್ಣ, ವಾಸನೆ ಎರಡನ್ನೂ ಬಳಸಿ ಆರಿಸುತ್ತದೆಯಂತೆ. ಅಲ್ಲಿ ಬೇಕಾದರೆ ‘ಮೂಸಿ ನೋಡಿ’ ಅನ್ನಬಹುದೇನೋ.

ಇನ್ನು ‘ಹದ್ದಿನ ಕಣ್ಣು’. ಪೇಪರ್ ತೆಗೆದರೆ ಪೊಲೀಸರದ್ದೂ ಹದ್ದಿನ ಕಣ್ಣು, ಸಿಸಿಟಿವಿಯದ್ದೂ ಹದ್ದಿನ ಕಣ್ಣು. ಕನ್ನಡದಲ್ಲಿ ಇದು ಬಿಡದೆ ಕಾಯುವುದಕ್ಕೆ ಹೇಳುವ ಮಾತು. ಹಕ್ಕಿಯ ನಿಜವಾದ ಬಲ ಚುರುಕುನೋಟ. ಕರಡಿನಲ್ಲಿ ‘ಮನುಷ್ಯರಿಗಿಂತ ಎಂಟು ಪಟ್ಟು’ ಎಂದಿದೆ, ಇಂಟರ್‌ನೆಟ್ಟಿನಲ್ಲೂ ಅದೇ. ಆಸ್ಟ್ರೇಲಿಯಾದ ಬೆಣೆಬಾಲದ ಈಗಲ್ ಮೇಲೆ ಅಳತೆ ಮಾಡಿದಾಗ ಸಿಕ್ಕಿದ್ದು ನಮಗಿಂತ ಎರಡು ಪಟ್ಟಿಗೆ ತುಸು ಮೇಲೆ. ಅದೇನೂ ಕಡಿಮೆಯಲ್ಲ. ಗಿಡುಗ, ಈಗಲ್‌ಗಳ ಒಂದೊಂದು ಕಣ್ಣಿನಲ್ಲೂ ಚುರುಕಾಗಿ ಕಾಣುವ ಎರಡೆರಡು ಜಾಗ ಇರುತ್ತವೆ, ಒಂದು ಪಕ್ಕಕ್ಕೆ, ಒಂದು ಮುಂದಕ್ಕೆ. ದೂರದ್ದನ್ನು ಪಕ್ಕದ ನೋಟದಲ್ಲೇ ಚೆನ್ನಾಗಿ ಕಾಣುವ ಬೈರಿ (ಪೆರೆಗ್ರಿನ್ ಫಾಲ್ಕನ್), ತಲೆ ತಿರುಗಿಸದೆ ಬೇಟೆಯ ಕಡೆ ಸುರುಳಿಯಾಗಿ ಬಳಸಿ ಬರುತ್ತದೆ. ತಲೆ ಓರೆ ಮಾಡಿದರೆ ಗಾಳಿ ತಡೆದು ವೇಗ ಕಡಿಮೆಯಾಗುತ್ತದೆ. ಇಷ್ಟು ಚುರುಕುಗಣ್ಣಿನ ಜಾತಿಯಲ್ಲೇ ರಣಹದ್ದು ಹಾರುವಾಗ ಎದುರಿಗೆ ಇರುವುದನ್ನು ಕಾಣದೇ ಹೋಗುತ್ತದೆ. ನೆಲ ನೋಡಲು ತಲೆ ಬಗ್ಗಿಸಿದರೆ ಮುಂದಿನ ದಾರಿ ಕುರುಡು. ಸ್ಪೇನ್‌ನಲ್ಲಿ ಗಾಳಿಯಂತ್ರಗಳಿಗೆ ಬಡಿದು ಸಾಯುವುದಕ್ಕೆ ಇದೂ ಒಂದು ಕಾರಣ.

ಕರಡಿನಿಂದ ನಾನು ಒಂದು ಸಾಲು ಪೂರ್ತಿ ತೆಗೆದಿದ್ದೇನೆ: ಕೆಸ್ಟ್ರೆಲ್ ಎಂಬ ಸಣ್ಣ ಬೇಟೆಹಕ್ಕಿಗೆ ಇಲಿಯ ಉಚ್ಚೆ ನೇರಳಾತೀತ ಬೆಳಕಿನಲ್ಲಿ ಹೊಳೆದು ಕಾಣುತ್ತದೆ ಎಂಬುದು. 1995ರಲ್ಲಿ ಫಿನ್‌ಲ್ಯಾಂಡಿನ ಸಂಶೋಧಕರು ಹಾಗೆ ಹೇಳಿದ್ದು ನಿಜ, ಎಲ್ಲೆಡೆ ಹಬ್ಬಿದ್ದೂ ನಿಜ. ಆದರೆ 2013ರ ಪರೀಕ್ಷೆಯಲ್ಲಿ ಆ ಬೆಳಕು ಈ ಹಕ್ಕಿಗಳ ಕಣ್ಣಿನೊಳಗೆ ಬಹಳ ಕಡಿಮೆ ಇಳಿಯುತ್ತದೆ ಎಂದು ಕಂಡಿತು, ಉಚ್ಚೆಯೂ ಹೇಳಿದ ಹಾಗೆ ಎದ್ದು ಕಾಣುವಂಥದ್ದಲ್ಲ. ಸುಮ್ನೆ ಮಕ್ಕಳ ತಲೆಗೆ ಯಾಕೆ ತುಂಬುವುದು?

ಎರಡನೇ ಪ್ರಶ್ನೆ ಕೆಸ್ಟ್ರೆಲ್‌ನಿಂದಲೇ ಹುಟ್ಟಿದ್ದು. ಗಾಳಿಗೆ ಎದುರಾಗಿ ರೆಕ್ಕೆ ಬಡಿಯುತ್ತಾ, ತಲೆ ಒಂದಿಷ್ಟೂ ಅಲುಗದಂತೆ ಒಂದೇ ಕಡೆ ನಿಂತು ನೆಲ ನೋಡುತ್ತದಲ್ಲ, ಅದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? ಹೊಲದ ಕರೆಂಟ್ ತಂತಿ ಮೇಲೆ ಕೂರುವ, ಬಿಳಿ ಮೈ, ಕೆಂಪು ಕಣ್ಣಿನ ಕರಿರೆಕ್ಕೆಯ ಹದ್ದೂ ಹೀಗೇ ಮಾಡುತ್ತದೆ. ‘ತೇಲು’ ಅಂದರೆ ರೆಕ್ಕೆ ಬಡಿಯದೆ ಇರುವುದು. ‘ಗಾಳಿಯಲ್ಲಿ ನಿಲ್ಲು’ ಅರ್ಥವಾಗುತ್ತದೆ, ಆದರೆ ಸಪ್ಪೆ. ರೈತರ ಬಾಯಲ್ಲಿ ಖಂಡಿತ ಒಂದು ಪದ ಇರಬೇಕು. ಕೆಳಗೆ ಬೀಳುವುದಕ್ಕೆ ‘ಎರಗು’ ಇದೆ, ಅದನ್ನು ಬದಲಿಸುವ ಮಾತೇ ಇಲ್ಲ.

ಕೊನೆಯದು ಗೂಬೆ. ‘ಗೂಬೆ ಕಿವಿ ನಿಮಿರಿಸಿ ಇಲಿಯ ಸದ್ದು ಕೇಳುತ್ತದೆ’ ಎಂದಿದೆ ಕರಡಿನಲ್ಲಿ. ಗೂಬೆಗೆ ನಿಮಿರಿಸಲು ಹೊರಗಿವಿ ಇಲ್ಲ. ಕೆಲವು ಗೂಬೆಗಳ ತಲೆಯ ಮೇಲೆ ಕಾಣುವುದು ಬರೀ ಪುಕ್ಕ. ಕಣಜ ಗೂಬೆಯ ಚಪ್ಪಟೆ ಮುಖವೇ ಸದ್ದನ್ನು ಕೂಡಿಸಿ ಕಿವಿಗೆ ಕಳಿಸುತ್ತದೆ. ಎರಡು ಕಿವಿ ತೂತುಗಳು ಒಂದೇ ಎತ್ತರದಲ್ಲಿಲ್ಲ. ಹಾಗಾಗಿ ಎಡ ಬಲ ಮಾತ್ರವಲ್ಲ, ಸದ್ದು ಮೇಲಿಂದ ಬಂತೋ ಕೆಳಗಿಂದಲೋ ಎಂಬುದೂ ತಿಳಿಯುತ್ತದೆ. ರೋಜರ್ ಪೇನ್ ಎಂಬವರು ಪೂರ್ತಿ ಕತ್ತಲೆ ಕೋಣೆಯಲ್ಲಿ ಇಲಿ ಬಿಟ್ಟು ನೋಡಿದ್ದರು. ಇಲಿಯ ಹಿಂದೆ ದಾರದಲ್ಲಿ ಕಾಗದ ಕಟ್ಟಿದಾಗ, ಗೂಬೆ ಎರಗಿದ್ದು ಸರಬರ ಅನ್ನುವ ಕಾಗದದ ಮೇಲೆ! ಇಲ್ಲಿ ‘ಕೇಳು’ಗಿಂತ ‘ಆಲಿಸು’ ಸರಿ ಅನ್ನಿಸುತ್ತದೆ. ‘ಆಲಿಸು’ ಭಾವಗೀತೆಯ ಪದ, ಮಕ್ಕಳಿಗೆ ಭಾರ ಅನ್ನುವುದು ಲೇಖಕಿಯ ಅಭಿಪ್ರಾಯ. ನೀವೇನಂತೀರಿ?

ಅಂದಹಾಗೆ, ಈ ಎಲ್ಲ ಹಕ್ಕಿಗಳಿಗೂ ಸೇರಿ ಒಂದು ಹೆಸರು ಬೇಕು. ‘ಹಿಂಸ್ರಪಕ್ಷಿ’ ಬೇಡ, ಸಾಮಾನ್ಯವಾಗಿ ಯಾರನ್ನೂ ಕೊಲ್ಲದ ರಣಹದ್ದಿಗೆ ಅದು ಅನ್ಯಾಯ. ‘ಬೇಟೆಹಕ್ಕಿ’ಗೂ ಅದೇ ತೊಂದರೆ ಇದೆ, ಆದರೂ ಸದ್ಯಕ್ಕೆ ಅದನ್ನೇ ಇಟ್ಟಿದ್ದೇನೆ. ಕರಡು ಅಚ್ಚಿಗೆ ಹೋಗಲು ಇನ್ನೂ ಸಮಯವಿದೆ. ನಿಮ್ಮ ಊರಿನ ಪದ ಬರೆಯುವಾಗ ಯಾವ ತಾಲ್ಲೂಕು, ಯಾವ ಹಕ್ಕಿಗೆ ಹೇಳುತ್ತಾರೆ ಅನ್ನುವುದನ್ನೂ ದಯವಿಟ್ಟು ಸೇರಿಸಿ.