ಮಾಜಿ ಓಟಗಾರರನ್ನ ಮೈಕ್ ಮುಂದೆ ಕೂರಿಸೋದು ಹೇಗೆ?

ತುಮಕೂರು_ಸ್ಪೈಕ್ಸ್: ನಮ್ಮ ಮಹಾತ್ಮ ಗಾಂಧಿ ಸ್ಟೇಡಿಯಂನಲ್ಲಿ ನಡೆಯೋ ಅಥ್ಲೆಟಿಕ್ಸ್ ಕೂಟದ ಲೈವ್‌ಗೆ ಹಳೇ ಸ್ಪ್ರಿಂಟರ್ ಒಬ್ಬರು ಕನ್ನಡ ಕಾಮೆಂಟರಿ ಕೊಡ್ತಾರೆ. ಮೈಕ್ ಮುಂದೆ ಮಾತಾಡೋದು ಅವರಿಗೆ ಹೊಸದು. ಓಟ ಬಿಟ್ಟು ಟಿವಿಗೆ ಬಂದ ಮೈಕಲ್ ಜಾನ್ಸನ್, ಆಟೊ ಬೋಲ್ಡನ್ ಥರದವರಿಂದ ಏನು ಕಲಿಯಬಹುದು?

ಕೋಲಾರ_400: ಓಟ ನಡೆಯುವಾಗ ಅವರನ್ನ ಸುಮ್ಮನಿರಿಸಿ, ರೀಪ್ಲೇಗೆ ಮಾತಾಡಿಸಿ. ಜಾನ್ಸನ್ 1996ರ ಅಟ್ಲಾಂಟಾದಲ್ಲಿ 200 ಮೀಟರ್ (19.32 ಸೆಕೆಂಡ್) ಮತ್ತು 400 ಮೀಟರ್ (43.49) ಎರಡೂ ಗೆದ್ದವರು. ಆದರೂ ಬಿಬಿಸಿಯಲ್ಲಿ ಅವರ ಕೆಲಸ ಹೆಚ್ಚಾಗಿ ಸ್ಟುಡಿಯೋ ವಿಶ್ಲೇಷಣೆಯೇ. ನಾಲ್ಕು ಒಲಿಂಪಿಕ್ ಪದಕದ ಬೋಲ್ಡನ್ ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ ಕಾಮೆಂಟೇಟರ್ ಪಕ್ಕ ಕೂತು 'ಯಾಕೆ' ಅನ್ನೋದನ್ನ ಬಿಡಿಸಿ ಹೇಳ್ತಾರೆ.

ಉದಾಹರಣೆಗೆ 100 ಮೀಟರ್. 'ಕೊನೇಲಿ ವೇಗ ಹೆಚ್ಚಿಸಿದ' ಅಂತ ಎಲ್ಲರೂ ಕೂಗ್ತಾರೆ, ಅದು ತಪ್ಪು. ಬರ್ಲಿನ್‌ನಲ್ಲಿ 9.58 ಓಡಿದ ಬೋಲ್ಟ್‌ಗೂ 60ರಿಂದ 80 ಮೀಟರ್‌ಗೆ 1.61 ಸೆಕೆಂಡ್, ಕೊನೆಯ 20ಕ್ಕೆ 1.66. ಕೊನೆಗೆ ಎಲ್ಲರ ವೇಗವೂ ಇಳಿಯುತ್ತೆ, ಗೆದ್ದವನದ್ದು ಕಮ್ಮಿ ಇಳಿದಿರುತ್ತೆ, ಅಷ್ಟೆ. ಇದನ್ನ ಹೇಳೋಕೆ ಓಡಿದವರೇ ಬೇಕು.

ಚಿಂತಾಮಣಿ_ಲ್ಯಾಪ್: 400ರಲ್ಲಿ ಇನ್ನೊಂದು ಎಡವಟ್ಟು: ಎಂಟನೇ ಲೇನ್‌ನವನು ಮುಂದಿದ್ದಾನೆ ಅನ್ನೋದು. ತಿರುವಿನಲ್ಲಿ ಹೊರಗಿನ ಲೇನ್ ಉದ್ದ ಆಗೋದ್ರಿಂದ ಅವನು ಶುರುವಿಗೆ ನಿಂತಿರೋದೇ ಒಂದನೇ ಲೇನ್‌ಗಿಂತ 53.03 ಮೀಟರ್ ಮುಂದೆ (1.22 ಮೀಟರ್ ಅಗಲದ ಲೇನ್ ಲೆಕ್ಕ). ಎರಡನೇ ಲೇನ್‌ಗೆ 7.04. ಅಂತರ ಕರಗ್ತಿದೆಯಾ ಅಂತ ನೋಡ್ಬೇಕು. ಯಾರು ಮುಂದೆ ಅಂತ ತೀರ್ಪು ಕೊಡೋದು ಕೊನೆಯ ನೇರ ದಾರಿಗೆ ಬಂದ ಮೇಲೇ.

100ಕ್ಕೆ ಉದ್ದ ವಾಕ್ಯ ಬೇಡವೇ ಬೇಡ. ಕ್ರಿಯಾಪದ ಬಾಯಿಗೆ ಬರೋಷ್ಟರಲ್ಲಿ ಓಟ ಮುಗಿದಿರುತ್ತೆ! 'ನಾಲ್ಕನೇ ಲೇನ್ ಮುಂದೆ, ಐದು ಪಕ್ಕದಲ್ಲೇ' ಸಾಕು. ಹೆಸರು, ಲೇನ್, ಈ ಸೀಸನ್‌ನ ಒಳ್ಳೇ ಟೈಮಿಂಗ್, ಮೂರನ್ನೂ ದಪ್ಪಕ್ಷರದಲ್ಲಿ ಒಂದೇ ಹಾಳೇಲಿ ಬರ್ಕೊಳ್ಳಿ.

ತುಮಕೂರು_ಸ್ಪೈಕ್ಸ್: ಟೈಮಿಂಗ್ ಸ್ಟಾಪ್‌ವಾಚ್‌ನಲ್ಲೇ ತಗೊಂಡ್ರೆ?

ಕೋಲಾರ_400: ಹಾಗಾದ್ರೆ ದಾಖಲೆ ಜೊತೆ ನೇರ ಹೋಲಿಸ್ಬೇಡಿ. ಗನ್‌ನ ಹೊಗೆ ನೋಡಿ ಬೆರಳು ಒತ್ತೋದು ತಡವಾಗೋದ್ರಿಂದ ಸಮಯ ಕಮ್ಮಿ ಬರುತ್ತೆ. ಹೋಲಿಸಲೇಬೇಕಂದ್ರೆ 100, 200ಕ್ಕೆ 0.24, 400ಕ್ಕೆ 0.14 ಸೇರಿಸಿ. ಅದಕ್ಕೂ ಮೊದಲು, ಸ್ಟಾಪ್‌ವಾಚ್‌ನಲ್ಲಿ 10.11 ಬಂದ್ರೆ 10.2 ಅಂತ ಮೇಲಕ್ಕೇ ತಗೋಬೇಕು.

ಎಲೆಕ್ಟ್ರಾನಿಕ್ ಗಡಿಯಾರ ಇದ್ರೂ ಬೋರ್ಡ್ ನೋಡಿದ ತಕ್ಷಣ ದಾಖಲೆ ಅಂತ ಘೋಷಿಸ್ಬೇಡಿ. ಬೀಜಿಂಗ್ 2008ರಲ್ಲಿ ಬೋಲ್ಟ್ 100 ಓಡಿದಾಗ ಬೋರ್ಡ್‌ನಲ್ಲಿ ಮೊದಲು ಬಂದಿದ್ದು 9.68, ಅಧಿಕೃತವಾಗಿ ಆಗಿದ್ದು 9.69. ಫೋಟೋ ಫಿನಿಶ್‌ನಲ್ಲಿ ತಲೆ, ಕೈ ಲೆಕ್ಕಕ್ಕಿಲ್ಲ, ಎದೆಭಾಗ ಗೆರೆ ಮುಟ್ಟಬೇಕು. 1984ರ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾಗೆ ಕಂಚು ತಪ್ಪಿದ್ದು 0.01 ಸೆಕೆಂಡ್‌ನಲ್ಲಿ. ಇನ್ನು ಗಾಳಿ: 100, 200ಕ್ಕೆ ಬೆನ್ನಗಾಳಿ ಸೆಕೆಂಡಿಗೆ 2.0 ಮೀಟರ್ ದಾಟಿದ್ರೆ ದಾಖಲೆಗೆ ಸಲ್ಲೋದಿಲ್ಲ, ಆದ್ರೆ ಪದಕ ಪದಕವೇ.