ಪುಟ್ಟಿ ಮ್ಯೂಸಿಕಲ್ ಥಿಯೇಟರ್ ಓದಬೇಕಾ ಬೇಡವಾ: ನಮ್ಮನೆ ಗುಂಪಿನಲ್ಲಿ ನಡೆದ ವಾದ

ದೊಡ್ಡಣ್ಣ: (ವಿಡಿಯೊ ಫಾರ್ವರ್ಡ್) ಎಲ್ಲರೂ ನೋಡಿ. ಜೊನಾಥನ್ ಗ್ರಾಫ್ ಅಂತ ಬ್ರಾಡ್‌ವೇ (ನ್ಯೂಯಾರ್ಕಿನ ದೊಡ್ಡ ರಂಗಭೂಮಿ) ನಟ. 2024ರಲ್ಲಿ ಅಲ್ಲಿನ ದೊಡ್ಡ ಗೌರವವಾದ ಟೋನಿ ಪ್ರಶಸ್ತಿ ಬಂದಿದೆ. ಕಾಲೇಜು ಮೆಟ್ಟಿಲೇ ಹತ್ತಿಲ್ಲವಂತೆ. ಹಾಗಿದ್ದ ಮೇಲೆ ಪುಟ್ಟಿ ನಾಲ್ಕು ವರ್ಷ ಹಾಡು, ಕುಣಿತ ಕಲಿಯಲು ಯೂನಿವರ್ಸಿಟಿಗೆ ಯಾಕೆ ಹೋಗಬೇಕು? ಕಂಪ್ಯೂಟರ್ ಸೈನ್ಸ್ ಓದಲಿ, ಸಂಜೆ ಹೊತ್ತು ಹಾಡಲಿ.

ಡೆಟ್ರಾಯಿಟ್ ಭಾವ (ಪುಟ್ಟಿಯ ಅಪ್ಪ): ನನ್ನ ತಲೆಯಲ್ಲೂ ಇದೇ ಓಡುತ್ತಿದೆ. ಅವಳ ಪಟ್ಟಿಯಲ್ಲಿ ಖಾಸಗಿ ಕಾಲೇಜುಗಳೇ ಜಾಸ್ತಿ. ಊಟ, ರೂಮು ಎಲ್ಲ ಸೇರಿ ವರ್ಷಕ್ಕೆ 80 ಸಾವಿರ ಡಾಲರ್ ದಾಟುತ್ತದೆ.

ನಾನು: ದೊಡ್ಡಣ್ಣ, ಆ ವಿಡಿಯೊ ಅರ್ಧ ಕಥೆ ಹೇಳಿದೆ. ಗ್ರಾಫ್ ಅವರಿಗೆ ಕಾರ್ನೆಗಿ ಮೆಲನ್ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತ್ತು. ಸೇರುವ ಮುಂಚೆಯೇ ಊರೂರು ತಿರುಗುವ ಒಂದು ನಾಟಕ ತಂಡದಲ್ಲಿ ಕೆಲಸ ಸಿಕ್ಕಿತು, ಅದಕ್ಕೆ ಸೀಟು ಮುಂದಕ್ಕೆ ಹಾಕಿದರು, ಆಮೇಲೆ ಹೋಗಲಿಲ್ಲ. ಬ್ರಾಡ್‌ವೇ ನಟಿ ಸಟನ್ ಫಾಸ್ಟರ್ ಅದೇ ಕಾಲೇಜನ್ನು ಒಂದೇ ವರ್ಷ ಓದಿ ಬಿಟ್ಟರು, ಆದರೆ ಅವರೂ ಕಾಲೇಜಿಗೆ ಬರುವ ಮುಂಚೆಯೇ ನಾಟಕದ ಟೂರ್ ಮಾಡಿದ್ದವರು. ಪುಟ್ಟಿ ಕೈಯಲ್ಲಿ ಅಂಥ ಕೆಲಸ ಇದ್ದರೆ ನಾನೂ ಕಾಲೇಜು ಬೇಡ ಅಂತಲೇ ಹೇಳುತ್ತಿದ್ದೆ.

ಮೈಸೂರು ಚಿಕ್ಕಪ್ಪ: ನಮ್ಮ ಕಂಪನಿ ನಾಟಕದಲ್ಲಿ ಯಾರು ಡಿಗ್ರಿ ಕೇಳಿದರಮ್ಮ? ರಾಜ್‌ಕುಮಾರ್ ಪಳಗಿದ್ದು ಗುಬ್ಬಿ ಕಂಪನಿಯಲ್ಲಿ. ಹಾಡು, ಮಾತು, ನಡಿಗೆ ಎಲ್ಲ ಅಲ್ಲೇ ಬಂತು.

ನಾನು: ಚಿಕ್ಕಪ್ಪ, ನಾನು ಹೇಳುವುದೂ ಅದನ್ನೇ. ಕಂಪನಿಯೇ ಶಾಲೆಯಾಗಿತ್ತು. ಹುಡುಗರು ಅಲ್ಲೇ ಉಂಡು, ಅಲ್ಲೇ ಮಲಗಿ, ಹಾರ್ಮೋನಿಯಂ ಮುಂದೆ ಕೂತು ಕಂದ, ವೃತ್ತ ಹಾಡಿ ಹಾಡಿ ದೊಡ್ಡವರಾದರು. ಅಷ್ಟಾದರೂ ಬಿ.ವಿ. ಕಾರಂತರನ್ನು ಗುಬ್ಬಿ ವೀರಣ್ಣನವರೇ ಕಾಶಿಗೆ ಓದಲು ಕಳಿಸಿದರಲ್ಲ? ಅಲ್ಲಿ ಓಂಕಾರನಾಥ ಠಾಕೂರರ ಹತ್ತಿರ ಸಂಗೀತ, ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. ಇವತ್ತು ಅಮೆರಿಕದಲ್ಲಿ ಮಕ್ಕಳನ್ನು ಸಾಕಿ ಕಲಿಸುವ ಕಂಪನಿ ಎಲ್ಲಿದೆ? ಆ ಜಾಗಕ್ಕೆ ಯೂನಿವರ್ಸಿಟಿ ಬಂದಿದೆ.

ದೊಡ್ಡಣ್ಣ: ಯೂಟ್ಯೂಬ್ ಇದೆ, ಪ್ರೈವೇಟ್ ಕ್ಲಾಸ್ ಇದೆ.

ನಾನು: ನಾನು ನ್ಯೂಯಾರ್ಕಿನಲ್ಲಿ ಆಡಿಷನ್‌ಗಳಿಗೆ ಪಿಯಾನೊ ನುಡಿಸುತ್ತೇನೆ, ಕಣ್ಣಾರೆ ನೋಡುತ್ತೇನೆ. ಬಾಗಿಲು ತೆರೆಯುತ್ತದೆ, ಹಾಡಿನ 16 ಬಾರ್ (ತಾಳದ ಆವರ್ತದಂಥ ತುಣುಕುಗಳು) ಹಾಡಬೇಕು, ಒಂದು ನಿಮಿಷವೂ ಇರುವುದಿಲ್ಲ. ಕಲಿತವರು ನನ್ನ ಮುಂದೆ ನೊಟೇಶನ್ ಇಟ್ಟು ಎಲ್ಲಿಂದ ಎಲ್ಲಿಗೆ ಅಂತ ತೋರಿಸಿ, ಲಯವನ್ನು ಮೆಲ್ಲಗೆ ಹಾಡಿ ಹೇಳುತ್ತಾರೆ. ಕಲಿಯದವರು ಹಾಡಿನ ಮಧ್ಯೆ ನನ್ನ ಕಡೆ ತಿರುಗಿ ಚಿಟಿಕೆ ಹೊಡೆಯುತ್ತಾರೆ. ಅಷ್ಟರಲ್ಲೇ ಮೇಜಿನ ಹಿಂದೆ ಕೂತ ಆಯ್ಕೆದಾರರು ಮುಂದಿನ ಹೆಸರು ನೋಡುತ್ತಿರುತ್ತಾರೆ. ಒಳ್ಳೆಯ ಕಂಠ ಇದ್ದವರೂ ಹೀಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕೆಲಸ ಸಿಕ್ಕ ಮೇಲಿನದು ಇನ್ನೂ ಕಷ್ಟ. ವಾರಕ್ಕೆ 8 ಪ್ರದರ್ಶನ. ಸ್ವಿಂಗ್ ಅಂತ ಇರುತ್ತಾರೆ, ಹಿಂದಿನ ಸಾಲಿನ ಹಲವರ ಜಾಗ, ಹೆಜ್ಜೆ, ಸ್ವರ ಎಲ್ಲ ನೆನಪಿಟ್ಟು, ಯಾರು ಹುಷಾರಿಲ್ಲದೆ ಬಿದ್ದರೂ ಆ ಸಂಜೆಯೇ ಅವರ ಬದಲು ನಿಲ್ಲಬೇಕು. ನೊಟೇಶನ್ ನೋಡಿದ ತಕ್ಷಣ ಹಾಡಲು ಬರಬೇಕು, ಬ್ಯಾಲೆ, ಜಾಝ್, ಟ್ಯಾಪ್ ಮೂರೂ ಕಾಲಲ್ಲಿರಬೇಕು, ಕೂಗಿ ಹಾಡಿದರೂ ಗಂಟಲು ಕೆಡಬಾರದು. ಇದನ್ನೆಲ್ಲ ಒಟ್ಟಿಗೆ, ದಿನಾ, ತಪ್ಪಿದರೆ ತಿದ್ದುವವರ ಎದುರಿಗೆ ಮಾಡುವುದು ಸಂಜೆ ಕ್ಲಾಸಿನಲ್ಲಿ ಆಗುವ ಮಾತಲ್ಲ.

ದೊಡ್ಡಣ್ಣ: ಸರಿ, ಕಲಿತಳು ಅಂತಲೇ ಇಟ್ಟುಕೋ. ನಮ್ಮ ಮುಖದವರಿಗೆ ಪಾತ್ರ ಎಲ್ಲಿದೆ?

ನಾನು: ಕಡಿಮೆ ಇದೆ, ನಿಜ. ಬ್ರಾಡ್‌ವೇಯಲ್ಲಿರುವುದೇ 41 ಥಿಯೇಟರ್. ಆದರೆ 2021ರಲ್ಲಿ ಅಲ್ಲಾದೀನ್ ನಾಟಕದ ನಾಯಕ ಮೈಕಲ್ ಮಾಲಿಯಕಲ್, ನಾಯಕಿ ಶೋಭಾ ನಾರಾಯಣ್, ಇಬ್ಬರೂ ಭಾರತೀಯ ಮೂಲದವರು. ಶೋಭಾ ಭರತನಾಟ್ಯ ಕಲಿತವರು. ಮೈಕಲ್ ಓದಿದ್ದು ಬಾಲ್ಟಿಮೋರಿನ ಪೀಬಾಡಿ ಸಂಗೀತ ಶಾಲೆಯಲ್ಲಿ, ಅದೂ ಪಾಶ್ಚಾತ್ಯ ಶಾಸ್ತ್ರೀಯ ಗಾಯನ. ಹಾಗಾಗಿ ದಾರಿ ಒಂದೇ ಇಲ್ಲ.

ಡೆಟ್ರಾಯಿಟ್ ಭಾವ: ಹಾಗಾದರೆ ಸಾಲ ಮಾಡಿಯಾದರೂ ಕಳಿಸು ಅಂತೀಯಾ?

ನಾನು: ಬೇಡ ಭಾವ. ಓದಿಸಿ, ಸಾಲ ಮಾತ್ರ ಮಾಡಬೇಡಿ. ಇದನ್ನು ಮನಸ್ಸಿಟ್ಟು ಕೇಳಿ. ಹೊಸಬರು ಬೆಳಗ್ಗೆ ಕತ್ತಲಿರುವಾಗಲೇ ಆಡಿಷನ್ ಕಟ್ಟಡದ ಮುಂದೆ ಸಾಲು ನಿಲ್ಲುತ್ತಾರೆ. ನಟರ ಯೂನಿಯನ್ ಸದಸ್ಯರದ್ದು ಮೊದಲು, ಉಳಿದವರನ್ನು ಸಮಯ ಮಿಕ್ಕಿದರೆ ಮಾತ್ರ ಕರೆಯುತ್ತಾರೆ. ಮಧ್ಯಾಹ್ನದವರೆಗೂ ಕಾದು ಹಾಡದೇ ವಾಪಸ್ ಹೋಗುವವರು ಎಷ್ಟೋ ಜನ. ಹೀಗಿರಬೇಕಾದರೆ ಹಗಲು ಹೊತ್ತು ಅವರ ಕೈಯಲ್ಲಿರಬೇಕು, ಅದಕ್ಕೇ ಅವರೆಲ್ಲ ರಾತ್ರಿ ಹೋಟೆಲಿನಲ್ಲಿ ಬಡಿಸುವುದು, ಮಕ್ಕಳಿಗೆ ಪಾಠ ಹೇಳುವುದು. ತಿಂಗಳು ತಿಂಗಳು ದೊಡ್ಡ ಕಂತು ಕಟ್ಟಬೇಕಾದವರು ಒಂಬತ್ತರಿಂದ ಐದರ ಕೆಲಸ ಹಿಡಿಯಲೇಬೇಕು, ಹಿಡಿದರೆ ಆಡಿಷನ್ ತಪ್ಪಿತು. ಎಷ್ಟು ಚೆನ್ನಾಗಿ ಕಲಿತಿದ್ದರೂ ಅಷ್ಟೇ. ಬೇರೆ ಓದಿಗೆ ಸಾಲ ಮಾಡಿದರೆ ಸಂಬಳದಲ್ಲಿ ತೀರಿಸಬಹುದು, ಇಲ್ಲಿ ಸಾಲವೇ ಕೆಲಸ ಹುಡುಕಲು ಬಿಡುವುದಿಲ್ಲ.

ನೀವಿರುವುದು ಮಿಷಿಗನ್. ಆನ್ ಆರ್ಬರಿನ ಯೂನಿವರ್ಸಿಟಿ ಆಫ್ ಮಿಷಿಗನ್ ಈ ವಿಷಯಕ್ಕೆ ಇಡೀ ದೇಶದಲ್ಲಿ ಹೆಸರಾದದ್ದು. ಅದೇ ರಾಜ್ಯದವರಿಗೆ ಫೀ ತುಂಬ ಕಡಿಮೆ. ಸೀಟು ಕಷ್ಟ, ಬ್ಯಾಚಿಗೆ ಸುಮಾರು 20 ಜನ ಅಷ್ಟೇ. ಅದಕ್ಕೇ ಕಲಾಮಜೂವಿನ ವೆಸ್ಟರ್ನ್ ಮಿಷಿಗನ್, ನಿಮ್ಮ ಪಕ್ಕದ ಓಕ್ಲೆಂಡ್, ಇವಕ್ಕೂ ಅರ್ಜಿ ಹಾಕಲಿ. ಎರಡೂ ಕಡೆ ಬಿಎಫ್‌ಎ ಇದೆ.

ಅಕ್ಕ: ಬಿಎಫ್‌ಎ, ಬಿಎ ಎರಡಕ್ಕೂ ಏನು ವ್ಯತ್ಯಾಸ? ಅವಳು ಹೇಳಿದಳು, ನನಗೆ ತಲೆಗೆ ಹೋಗಲಿಲ್ಲ.

ನಾನು: ಬಿಎಫ್‌ಎಯಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಭಾಗ ಹಾಡು, ನಟನೆ, ನೃತ್ಯವೇ. ಬಿಎಯಲ್ಲಿ ಅದು ಕಡಿಮೆ, ಬೇರೆ ವಿಷಯಗಳಿಗೆ ಜಾಗ ಸಿಗುತ್ತದೆ, ಜೊತೆಗೆ ಇನ್ನೊಂದು ಮೇಜರ್ ಮಾಡುವವರೂ ಇದ್ದಾರೆ. ದೊಡ್ಡಣ್ಣನಿಗೆ ಕಂಪ್ಯೂಟರ್ ಬೇಕೇ ಬೇಕು ಅಂದರೆ ಬಿಎ ಜೊತೆ ಅದನ್ನು ಯೋಚಿಸಬಹುದು, ಪುಟ್ಟಿಗೆ ಇಷ್ಟ ಇದ್ದರೆ ಮಾತ್ರ.

ದೊಡ್ಡಣ್ಣ: ನನಗೆ ಇನ್ನೂ ಒಪ್ಪಿಗೆ ಇಲ್ಲ. ಸಾಲದ ಮಾತು ಮಾತ್ರ ಸರಿ ಇದೆ.

ಮೈಸೂರು ಚಿಕ್ಕಪ್ಪ: ಮಗು ಏನು ಹೇಳುತ್ತೆ? ಅವಳೂ ಇದೇ ಗುಂಪಿನಲ್ಲಿದ್ದಾಳೆ ಅಲ್ವಾ?

ಪುಟ್ಟಿ: ಇದ್ದೇನೆ ತಾತ, ಎಲ್ಲ ಓದಿದೆ. ಓಕ್ಲೆಂಡ್ ಇವತ್ತೇ ಪಟ್ಟಿಗೆ ಸೇರಿಸಿದೆ. ಚಿಕ್ಕಮ್ಮ, ಆಡಿಷನ್‌ಗೆ ಮುಂಚೆ ಕಾಲೇಜಿಗೆ ಕಳಿಸುವ ಪ್ರಿಸ್ಕ್ರೀನ್ ವಿಡಿಯೊಗೆ ನನ್ನ ಎರಡನೇ ಹಾಡು ತುಂಬ ಎತ್ತರಕ್ಕೆ ಹೋಗುತ್ತದೆ, ಶ್ರುತಿ ಇಳಿಸಿ ಹಾಡಲಾ?

ನಾನು: ಇಳಿಸಬೇಡ, ಹಾಡನ್ನೇ ಬದಲಿಸು. ಮೊದಲನೆಯದು ಜೋರಿನ ಹಾಡು ತಾನೇ, ಇದು ನಿಧಾನದ್ದಿರಲಿ, ಎರಡೂ ಒಂದೇ ಥರ ಕೇಳಿಸಬಾರದು. ಶನಿವಾರ ಬೆಳಗ್ಗೆ ಹತ್ತಕ್ಕೆ ವಿಡಿಯೊ ಕಾಲ್ ಮಾಡು, ನೊಟೇಶನ್ ಮುಂಚೆಯೇ ಕಳಿಸು, ನಾನು ಪಿಯಾನೊ ಮುಂದೆ ಕೂತಿರುತ್ತೇನೆ.