ಪದಚರ್ಚೆ: ‘ಮೀನಾಕ್ಷಿ’ಗೆ ಒಂದು ಸಾಲಿನ ಅರ್ಥ (ತುರ್ತು)

ಇಂದ: ಸು.
ಬೆಳಿಗ್ಗೆ 8.40

ಮಾನ್ಯರೇ,

ಹೆಣ್ಣುಮಕ್ಕಳ ಹೆಸರುಗಳ ಬಗ್ಗೆ ಒಂದು ಪ್ರದರ್ಶನ. ಫಲಕಗಳ ಕನ್ನಡ ಪಠ್ಯ ಇಂದು ಸಂಜೆ 6ಕ್ಕೆ ಅಚ್ಚಿಗೆ ಹೋಗಬೇಕು. ‘ಮೀನಾಕ್ಷಿ’ ಫಲಕದಲ್ಲಿ ಸಿಕ್ಕಿಕೊಂಡಿದ್ದೇನೆ. ಇಂಗ್ಲಿಷ್ ಮೂಲದಲ್ಲಿ ಇರುವುದು ಬರೀ ಎರಡು ಪದ. ಅದನ್ನು ‘ಮೀನಿನ ಕಣ್ಣುಳ್ಳವಳು’ ಎಂದು ಇಳಿಸಿದರೆ ಹೊಗಳಿಕೆಯೋ ಬೈಗುಳವೋ ತಿಳಿಯದಂತಾಗುತ್ತದೆ. ಒಂದು ಫಲಕಕ್ಕೆ ಹೆಚ್ಚೆಂದರೆ 20 ಪದ. ಕೇಳಬೇಕಾದದ್ದು ಮೂರು:

ಅರ್ಥವನ್ನು ಹೇಗೆ ಬರೆಯಲಿ? ಮೀನಾಕ್ಷಿ ಸರಿಯೋ ಮೀನಾಕ್ಷೀ ಸರಿಯೋ? ಮೀನಾ, ಮೀನಲ್ ಎಂಬ ಹೆಸರುಗಳನ್ನು ಇದೇ ಫಲಕದಡಿ ಸೇರಿಸಬಹುದೇ?

—

ಇಂದ: ವೆಂ.ರಾ.
ಬೆಳಿಗ್ಗೆ 9.05

ಎರಡನೆಯದು ಮೊದಲು, ಅದರಲ್ಲಿ ಚರ್ಚೆಗೆ ಏನೂ ಇಲ್ಲ. ಬಹುವ್ರೀಹಿಯ ಕೊನೆಯಲ್ಲಿ ಅಂಗವಾಚಕ ‘ಅಕ್ಷಿ’ ಬಂದರೆ ಷಚ್ ಪ್ರತ್ಯಯ ಹತ್ತಿ ಅದು ‘ಅಕ್ಷ’ ಆಗುತ್ತದೆ (ಪಾಣಿನಿಯ ಸೂತ್ರ 5.4.113). ಷಿತ್, ಅಂದರೆ ಷಕಾರದ ಗುರುತುಳ್ಳ ಪ್ರತ್ಯಯ ಆದ್ದರಿಂದ ಸ್ತ್ರೀಲಿಂಗದಲ್ಲಿ ಙೀಷ್ ಎಂಬ ಈಕಾರ (4.1.41). ರೂಪ ಮೀನಾಕ್ಷೀ. ಕನ್ನಡಕ್ಕೆ ಬಂದಾಗ ನದೀ ನದಿಯಾದಂತೆ ಮೀನಾಕ್ಷಿ. ಒಂಟಿಯಾಗಿ ನಿಂತರೆ ಹ್ರಸ್ವ. ಸಂಸ್ಕೃತ ಪದದೊಡನೆ ಸಮಾಸವಾದರೆ ದೀರ್ಘ: ಮೀನಾಕ್ಷೀಸುಂದರೇಶ್ವರ. ‘ಮೀನಾಕ್ಷೀ ಬಂದಳು’ ಎಂದು ಬರೆಯುವವರು ‘ನದೀ ಹರಿಯಿತು’ ಎಂದೂ ಬರೆಯಲಿ. ಸಂಸ್ಕೃತದಲ್ಲೂ ಹ್ರಸ್ವಾಂತ ರೂಪ ಒಂದಿದೆ, ಆದರೆ ಅದು ಸಂಬೋಧನೆ: ಹೇ ಮೀನಾಕ್ಷಿ.

ಇನ್ನು ಅರ್ಥ. ಇಲ್ಲಿ ವಿಗ್ರಹವಾಕ್ಯ, ಅಂದರೆ ಸಮಾಸವನ್ನು ಬಿಡಿಸಿ ಹೇಳುವ ರೀತಿ, ಎರಡು ಬಗೆ. ಕಮಲಾಕ್ಷಿ ಎಂದರೆ ಕಮಲದಂಥ ಕಣ್ಣಿನವಳು. ಕಮಲಕ್ಕೆ ಕಣ್ಣಿಲ್ಲ, ಹೋಲಿಕೆ ಇಡೀ ಕಮಲಕ್ಕೆ. ಹರಿಣಾಕ್ಷಿ ಎಂದರೆ ಜಿಂಕೆಯ ಕಣ್ಣಿನಂಥ ಕಣ್ಣಿನವಳು. ಕಣ್ಣು ಜಿಂಕೆಯ ಹಾಗೆ ಕೊಂಬು ಕಾಲು ಇಟ್ಟುಕೊಂಡಿಲ್ಲ. ನಡುವಿನ ‘ಕಣ್ಣು’ ಲೋಪವಾಗಿದೆ, ಉಷ್ಟ್ರಮುಖದಲ್ಲಿ ನಡುವಿನ ‘ಮುಖ’ ಲೋಪವಾದ ಹಾಗೆ. ಮೀನಾಕ್ಷಿ ಕಮಲಾಕ್ಷಿಯ ಗುಂಪಿನದು. ಕಣ್ಣಿಗೆ ಹೋಲಿಕೆ ಮೀನಿನ ಮೈ: ನಡುವೆ ತುಂಬಿ, ಎರಡು ತುದಿಗೂ ಸಣ್ಣಗಾಗಿ, ಒಂದೆಡೆ ನಿಲ್ಲದೆ ಸರಕ್ಕನೆ ತಿರುಗುವಂಥದ್ದು. ಮೇಘದೂತದಲ್ಲಿ ಗಂಭೀರಾ ನದಿಯ ಶಫರ ಮೀನುಗಳ ನೆಗೆತವೇ ಅವಳ ನೋಟ. ಚಿತ್ರಕಲೆಯ ಹಳೆಯ ಗ್ರಂಥ ಚಿತ್ರಸೂತ್ರ ಹೇಳುವ ಐದು ಬಗೆಯ ಕಣ್ಣುಗಳಲ್ಲಿ ಒಂದು ‘ಮತ್ಸ್ಯೋದರ’, ಮೀನಿನ ಹೊಟ್ಟೆಯ ಆಕಾರದ್ದು. ಹೆಂಗಸರ ಚಿತ್ರಕ್ಕೆ ವಿಧಿಸಿದ್ದು ಅದನ್ನೇ. ‘ಮೀನಿನ ಕಣ್ಣುಳ್ಳವಳು’ ತಪ್ಪು ಅನುವಾದ. ‘ಮೀನಿನಂಥ ಕಣ್ಣುಳ್ಳವಳು’ ಎಂದು ಬರೆಯಿರಿ.

—

ಇಂದ: ಬ.
ಬೆಳಿಗ್ಗೆ 9.50

ಸೂತ್ರಗಳ ಮೆರವಣಿಗೆಯಲ್ಲಿ ಮುಖ್ಯ ಮಾತು ಬಿಟ್ಟುಹೋಯಿತು. ‘ಮೀನ್’ ನಮ್ಮದು. ಕನ್ನಡ, ತಮಿಳು, ಮಲಯಾಳ, ತೆಲುಗು, ತುಳು, ಅತ್ತ ಗೊಂಡಿಯವರೆಗೂ ಅದೇ ಪದ. ಸಂಸ್ಕೃತದ ಹಳೆಯ ಪದ ಮತ್ಸ್ಯ. ಹಳೆಯ ಇರಾನಿನ ಅವೆಸ್ತಾ ಭಾಷೆಯ ಮಸ್ಯ, ಪಾರಸಿಯ ಮಾಹೀ ಅದರ ಬಳಗ. ‘ಮೀನ’ಕ್ಕೆ ಆ ಕಡೆ ನೆಂಟರೇ ಇಲ್ಲ. ನೀರ, ತಾಮರಸ, ಮಲ್ಲಿಕಾ ಇವೆಲ್ಲ ಹೋದ ದಾರಿಯಲ್ಲೇ ಇದೂ ಹೋಗಿದೆ. ಹಾಗಿರುವಾಗ ಮೀನಾಕ್ಷಿ ಅಪ್ಪಟ ಅರಿಸಮಾಸ: ಮುಂದೆ ಕನ್ನಡ, ಹಿಂದೆ ಸಂಸ್ಕೃತ. ಫಲಕದಲ್ಲಿ ‘ಮೀಂಗಣ್ಣಿ’ ಎಂದು ಕೊಡಿ. ಮೀನ್ + ಕಣ್ಣಿ, ಕಕಾರಕ್ಕೆ ಗಕಾರ ಆದೇಶ, ಮೀಂಗುಲಿಗದಲ್ಲಿ ಆದ ಹಾಗೆ. ಮುಕ್ಕಣ್ಣ ಇದ್ದಾನೆ, ಮೀಂಗಣ್ಣಿ ಏಕಿರಬಾರದು?

ಮೀನ್ ಹುಟ್ಟಿದ್ದು ‘ಮೀ’ ಧಾತುವಿನಿಂದ. ಮೀಯುವುದು ಎಂದರೆ ಸ್ನಾನ. ಸದಾ ನೀರಲ್ಲಿ ಮೀಯುತ್ತಿರುವುದು ಮೀನ್.

—

ಇಂದ: ವೆಂ.ರಾ.
ಬೆಳಿಗ್ಗೆ 10.10

ಮೀಯುವುದೆಲ್ಲ ಮೀನಾದರೆ ಎಮ್ಮೆಯೂ ಮೀನು. ‘ಮೀ’ಯಿಂದ ಕನ್ನಡ ಮಾಡಿಕೊಂಡ ನಾಮಪದ ಮೀಹ. ನಿಮ್ಮ ‘ನ್’ ಎಲ್ಲಿಂದ ಬಂತು?

ಅರಿಸಮಾಸದ ಮಾತು ಇನ್ನೂ ಹಗುರ. ಕನ್ನಡದ ಮೀನ್‌ಗೆ ಅಕ್ಷಿ ಸೇರಿದರೆ ಆಗುವುದು ‘ಮೀನಕ್ಷಿ’. ನಕಾರದ ಮೇಲೆ ದೀರ್ಘ ಬಂದಿರುವುದೇ ಸಾಕ್ಷಿ: ಅಕಾರಾಂತ ‘ಮೀನ’ + ಅಕ್ಷಿ, ಸವರ್ಣದೀರ್ಘ. ಸಮಾಸ ಆದದ್ದು ಸಂಸ್ಕೃತದೊಳಗೆ. ಮೀನಕ್ಕೆ ಉಣಾದಿಯಲ್ಲಿ (ಪದಗಳ ವ್ಯುತ್ಪತ್ತಿ ಹೇಳುವ ಸಂಸ್ಕೃತ ಸೂತ್ರಗಳಲ್ಲಿ) ವ್ಯುತ್ಪತ್ತಿಯೂ ಇದೆ, ‘ಫೇನಮೀನೌ’.

—

ಇಂದ: ಹ.
ಬೆಳಿಗ್ಗೆ 11.20

ದೀರ್ಘದ ವಾದ ಒಪ್ಪಿದೆ, ಗಟ್ಟಿಯಾಗಿದೆ. ಉಣಾದಿಯದು ಒಪ್ಪಲಿಲ್ಲ. ಅಲ್ಲಿ ಮೀನ ನಿಪಾತನದಿಂದ ಸಿದ್ಧ, ಅಂದರೆ ಬಿಡಿಸಲಾಗದ ಪದವನ್ನು ಹಾಗೇ ಎತ್ತಿ ಇಟ್ಟಿದ್ದಾರೆ. ಹಿಂಸಾರ್ಥದ ‘ಮೀ’ ಧಾತುವನ್ನು ಹಿಂದಿನಿಂದ ಅಂಟಿಸಿದ್ದು. ವೆಂ.ರಾ. ಅವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಮೂಲ ದ್ರಾವಿಡ, ಸಮಾಸ ಸಂಸ್ಕೃತ. ಎರಡೂ ಒಟ್ಟಿಗೇ ನಿಜ ಆಗಬಹುದು. ಹೋಗಿ ತಿರುಗಿ ಬಂದ ಪದ ಕನ್ನಡದ ವ್ಯಾಕರಣಕ್ಕೆ ತತ್ಸಮವೇ. ಸಾಲ ಕೊಟ್ಟ ಹಣ ಬೇರೆ ನೋಟುಗಳಲ್ಲಿ ಹಿಂದಿರುಗಿದೆ ಅಂತ ಇಟ್ಟುಕೊಳ್ಳಿ.

ಸು. ಅವರೇ, ಅರ್ಥದ ಬಗ್ಗೆ ಒಂದು ಎಚ್ಚರಿಕೆ. ವೆಂ.ರಾ. ಹೇಳಿದ್ದು ಕಾವ್ಯದ ಓದು. ಭಕ್ತರ ಓದು ಬೇರೆ, ಅಲ್ಲಿ ಮೀನಿನ ಕಣ್ಣೇ ಮುಖ್ಯ. ಮೀನಿಗೆ ರೆಪ್ಪೆಯಿಲ್ಲ, ಮಿಟುಕಿಸುವುದಿಲ್ಲ. ದೇವತೆಗಳೂ ಮಿಟುಕಿಸುವುದಿಲ್ಲ. ‘ಅನಿಮಿಷ’ ಎಂಬ ಪದಕ್ಕೆ ನಿಘಂಟಿನಲ್ಲಿ ದೇವತೆ, ಮೀನು ಎರಡೂ ಅರ್ಥ ಇರುವುದು ಇದರಿಂದಲೇ. ಹಕ್ಕಿ ಮೊಟ್ಟೆಯನ್ನು ಮೈ ತಾಕಿಸಿ, ಆಮೆ ನೆನೆದು, ಮೀನು ನೋಡಿ ಮರಿ ಮಾಡುತ್ತದೆ ಎಂಬ ನಂಬಿಕೆ ಗುರುದೀಕ್ಷೆಯ ಮೂರು ಬಗೆಗಳಿಗೆ ಉಪಮೆಯಾಗಿ ಬಂದಿದೆ: ಸ್ಪರ್ಶ, ಧ್ಯಾನ, ದೃಷ್ಟಿ. ಜೀವಶಾಸ್ತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಬಹಳಷ್ಟು ಮೀನುಗಳು ಮೊಟ್ಟೆಯಿಟ್ಟು ತಿರುಗಿಯೂ ನೋಡುವುದಿಲ್ಲ. ಆದರೆ ಮಧುರೆಯ ದೇವಿಯನ್ನು ‘ನೋಟದಲ್ಲೇ ಕಾಯುವವಳು’ ಎಂದು ವಿವರಿಸುವವರು ಈ ದಾರಿಯಲ್ಲಿ ಬಂದವರು. ಇಲ್ಲಿ ವಿಗ್ರಹವಾಕ್ಯ ಹರಿಣಾಕ್ಷಿಯದಾಗುತ್ತದೆ: ಮೀನಿನ ಕಣ್ಣಿನಂಥ ಕಣ್ಣು. ಆದ್ದರಿಂದ ಅದನ್ನು ‘ತಪ್ಪು’ ಅನ್ನುವುದು ಅವಸರ. ಫಲಕದಲ್ಲಿ ಎರಡಕ್ಕೂ ಜಾಗ ಮಾಡಿ.

—

ಇಂದ: ಬ.
ಮಧ್ಯಾಹ್ನ 12.05

ದೀರ್ಘ ಇದ್ದರೆ ಸಂಸ್ಕೃತ ಎಂದು ಕುಣಿಯುವ ಮೊದಲು ತಮಿಳು ನೋಡಿ. ಅಲ್ಲಿ ಬರೆಯುವುದು ಮೀನಾಟ್ಚಿ. ಮೀನ್ + ಆಟ್ಚಿ. ಆಟ್ಚಿ ಎಂದರೆ ಆಳ್ವಿಕೆ. ಪಾಂಡ್ಯರ ಲಾಂಛನ ಮೀನು. ಮೀನ ಬಾವುಟದಡಿ ಆಳಿದವಳು ಮೀನಾಟ್ಚಿ. ‘ಆ’ ದೀರ್ಘಕ್ಕೆ ಸವರ್ಣದೀರ್ಘ ಬೇಕಿಲ್ಲ, ಅಕ್ಷಿಯೂ ಬೇಕಿಲ್ಲ. ಸಿಂಧೂ ಮುದ್ರೆಗಳ ಮೀನಿನ ಗುರುತನ್ನೂ ಮೀನ್ ಎಂದೇ ಓದಿದ್ದಾರೆ.

—

ಇಂದ: ಹ.
ಮಧ್ಯಾಹ್ನ 12.40

ತಮಿಳಿನಲ್ಲಿ ಕ್ಷಕಾರ ಟ್ಚ ಆಗುವುದು ಮಾಮೂಲು. ಸಾಕ್ಷಿ ಅಲ್ಲಿ ಸಾಟ್ಚಿ. ಕಾಮಾಕ್ಷಿ ಕಾಮಾಟ್ಚಿ, ವಿಶಾಲಾಕ್ಷಿ ವಿಸಾಲಾಟ್ಚಿ. ನಿಮ್ಮ ಲೆಕ್ಕದಲ್ಲಿ ಕಾಂಚಿಯಲ್ಲಿರುವುದು ಕಾಮದ ಆಳ್ವಿಕೆ, ಕಾಶಿಯಲ್ಲಿರುವುದು ವಿಶಾಲವಾದ ಆಳ್ವಿಕೆ. ಅದಕ್ಕಿಂತ ನೇರ ಸಾಕ್ಷಿ ಮಧುರೆಯಲ್ಲೇ ಇದೆ: ಅದೇ ದೇವಿಯ ಅಚ್ಚ ತಮಿಳು ಹೆಸರು ಅಂಗಯರ್ಕಣ್ಣಿ. ಅಮ್ (ಚೆಲುವಾದ) + ಕಯಲ್ (ಗೆಂಡೆ ಜಾತಿಯ ಮೀನು) + ಕಣ್ಣಿ. ಅದರಲ್ಲಿ ಕಣ್ಣು ಕಣ್ಣಾಗಿಯೇ ಇದೆ. ನಿಮಗೆ ದೇಶಿ ಹೆಸರು ಬೇಕಿದ್ದರೆ ಇದನ್ನು ಹಿಡಿದುಕೊಳ್ಳಬಹುದಿತ್ತು.

ಸಿಂಧೂ ಲಿಪಿ ಓದಿದ್ದಾರೆ ಅನ್ನಬೇಡಿ. ಹೆರಾಸ್ ಪಾದ್ರಿ, ಆಮೇಲೆ ಪಾರ್ಪೋಲ ಹಾಗೆ ಸೂಚಿಸಿದ್ದಾರೆ. ತಮಿಳಿನ ಮೀನ್‌ಗೆ ನಕ್ಷತ್ರ ಎಂಬ ಅರ್ಥವೂ ಇರುವುದು ಆ ಸೂಚನೆಗೆ ಆಧಾರ. ಲಿಪಿ ಇನ್ನೂ ಬಿಡಿಸಿಲ್ಲ.

ಈಗ ಮೂರನೆಯ ಪ್ರಶ್ನೆ. ಮೀನಾವನ್ನು ಕಣ್ಣುಮುಚ್ಚಿ ಮೀನಾಕ್ಷಿಯ ಕೆಳಗೆ ಹಾಕಬೇಡಿ. ದಕ್ಷಿಣದಲ್ಲಿ ಅದು ಮೀನಾಕ್ಷಿಯ ಮೊಟಕು ರೂಪ, ಸರಿ. ಆದರೆ ಪಾರಸಿಯಲ್ಲಿ ಮೀನಾ ಎಂದರೆ ಲೋಹದ ಮೇಲೆ ಕೂರಿಸುವ ಗಾಜಿನ ಬಣ್ಣ. ಒಡವೆಯ ಮೀನಾಕಾರಿ ಕೆಲಸದ ಮೀನಾ ಅದೇ. ಮದಿರೆಯ ಹೂಜಿಗೂ ಅದೇ ಹೆಸರು, ಉರ್ದು ಕಾವ್ಯದಲ್ಲಿ ಸಾಗರ್-ಓ-ಮೀನಾ (ಬಟ್ಟಲು ಮತ್ತು ಹೂಜಿ) ಜೋಡಿಪದ. ಪಷ್ಟೋದಲ್ಲಿ ಮೀನಾ ಎಂದರೆ ಪ್ರೀತಿ. 1977ರಲ್ಲಿ ಅಫ್ಘಾನಿಸ್ತಾನದಲ್ಲಿ ‘ರಾವಾ’ ಮಹಿಳಾ ಸಂಘಟನೆ ಕಟ್ಟಿ 1987ರಲ್ಲಿ ಕ್ವೆಟ್ಟಾದಲ್ಲಿ ಕೊಲೆಯಾದ ಮೀನಾಳ ಹೆಸರನ್ನು ‘ಮೀನು’ ಎಂದು ವಿವರಿಸಿದರೆ ಅಪಚಾರ. ರಾಜಸ್ಥಾನದ ಮೀಣಾ ಕುಲನಾಮ, ಣಕಾರದ್ದು, ಗಂಡಸರಿಗೂ ಇರುತ್ತದೆ. ಆ ಸಮುದಾಯದಲ್ಲಿ ಮತ್ಸ್ಯಾವತಾರದ ನಂಟು ಹೇಳುವವರಿದ್ದಾರೆ. ಲಖನೌದ ಸೂಫಿ ಸಂತ ಶಾಹ್ ಮೀನಾ ಗಂಡಸು. 1990ರ ದಶಕದಲ್ಲಿ ಯುನಿಸೆಫ್ ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳಿಗಾಗಿ ತಂದ ಕಾರ್ಟೂನ್ ಹುಡುಗಿಯೂ ಮೀನಾ. ಇಷ್ಟು ದೇಶಗಳಲ್ಲಿ ಪರಕೀಯ ಅನ್ನಿಸದ ಹೆಸರು ಬೇರೆ ಸಿಗುವುದು ಕಷ್ಟ. ಮೀನಾಕ್ಷಿಯೂ ಬರೀ ಹೆಣ್ಣು ಹೆಸರಲ್ಲ, ತಮಿಳುನಾಡಿನ ಗಂಡಸರು ಮೀನಾಕ್ಷಿಸುಂದರಂ. ತಮಿಳು ವಿದ್ವಾಂಸ ಉ.ವೇ. ಸ್ವಾಮಿನಾಥ ಅಯ್ಯರ್ ಅವರ ಗುರುವಿನ ಹೆಸರೂ ಅದೇ.

—

ಇಂದ: ಸು.
ಮಧ್ಯಾಹ್ನ 1.15

ಧನ್ಯವಾದ. ಮೀನಾಕ್ಕೆ ಬೇರೆ ಫಲಕ ಮಾಡುತ್ತೇನೆ. ವಿಭಕ್ತಿ ಹಚ್ಚುವಾಗ ‘ಮೀನಾಳ’ ಸಾಕೇ? ಮೀನಲ್ ಏನು ಮಾಡಲಿ? ಮತ್ತೆ, ಮೂಲದಲ್ಲಿ ‘ಮತ್ಸ್ಯಾಕ್ಷಿ’ ಎಂದೂ ಒಂದು ಪರ್ಯಾಯ ಹೆಸರು ಕೊಟ್ಟಿದ್ದಾರೆ, ಇಟ್ಟುಕೊಳ್ಳಲೇ?

—

ಇಂದ: ವೆಂ.ರಾ.
ಮಧ್ಯಾಹ್ನ 1.40

ಮತ್ಸ್ಯಾಕ್ಷಿ ತೆಗೆದುಹಾಕಿ. ಅದು ಗಿಡದ ಹೆಸರು. ಆಯುರ್ವೇದದವರು ಹೊನಗೊನ್ನೆ ಸೊಪ್ಪಿಗೆ ಹೇಳುತ್ತಾರೆ. ವ್ಯಾಕರಣಕ್ಕೆ ಸರಿ ಇರುವುದೆಲ್ಲ ಹೆಸರಾಗುವುದಿಲ್ಲ. ಸಮಾನಾರ್ಥಕ ಪದ ಹಾಕಿ ಹೊಸ ಹೆಸರು ಹೊಲಿಯುವವರು ಇದನ್ನೇ ಮರೆಯುತ್ತಾರೆ. ಮೀಂಗಣ್ಣಿಗೂ ಇದೇ ಮಾತು.

ಮೀನಾಳ, ಮೀನಾಗೆ, ಮೀನಾಳನ್ನು. ಗೌರವಕ್ಕೆ ಮೀನಾ ಅವರ. ಹಳೆಯ ಕ್ರಮದಲ್ಲಿ ಮಾಲಾ ಮಾಲೆಯಾದಂತೆ ಮೀನೆ ಆಗಬೇಕಿತ್ತು, ಸೀತೆ ರಾಧೆ ಆದ ಹಾಗೆ. ಈಗಿನವರು ಆಕಾರಾಂತವನ್ನೇ ಉಳಿಸಿಕೊಂಡಿದ್ದಾರೆ. ಹಿಂದಿಯ ಪ್ರಭಾವ. ‘ಮೀನ’ ಎಂದು ಹ್ರಸ್ವ ಮಾತ್ರ ಬರೆಯಬೇಡಿ, ಅದು ರಾಶಿ.

—

ಇಂದ: ಹ.
ಮಧ್ಯಾಹ್ನ 2.30

ಮೀನಲ್ ಎರಡು ಕಡೆಯಿಂದ ಬರುತ್ತದೆ. ತಮಿಳಿನ ಮೀನಾಳ್ (ಕೊನೆಗೆ ಳ್) ಮೀನಾಕ್ಷಿಯದೇ ಮುದ್ದಿನ ರೂಪ. ಗುಜರಾತಿನ ಮೀನಳ್ ಬೇರೆ. ಅದು ಮಯಣಲ್ಲದೇವಿ ಸವೆದು ಆದದ್ದು. ಚೌಲುಕ್ಯ ಕರ್ಣನ ರಾಣಿ, ಸಿದ್ಧರಾಜ ಜಯಸಿಂಹನ ತಾಯಿ, 11ನೆಯ ಶತಮಾನದ ಕೊನೆ. ಅವಳು ಕದಂಬ ದೊರೆ ಜಯಕೇಶಿಯ ಮಗಳು. ನಮ್ಮ ಕಡೆಯಿಂದ ಹೋದ ಹೆಸರು ಅಲ್ಲಿ ಮೀನಳದೇವಿಯಾಗಿ, ಮೀನಲ್ ಆಗಿ ಈಗ ಮತ್ತೆ ಇಲ್ಲಿನ ಮಕ್ಕಳಿಗೆ ‘ಹೊಸ’ ಹೆಸರಾಗಿ ಬರುತ್ತಿದೆ. ಮೀನಿಗೂ ಇದಕ್ಕೂ ಸಂಬಂಧವಿಲ್ಲ. ಹೆಸರಿನ ಪುಸ್ತಕಗಳಲ್ಲಿ ‘ಅಮೂಲ್ಯ ರತ್ನ’ ಎಂದು ಬರೆದಿರುತ್ತಾರೆ, ನಂಬಬೇಡಿ. ಅರ್ಥ ತಿಳಿಯದ ಹೆಸರುಗಳಿಗೆಲ್ಲ ಆ ಪುಸ್ತಕಗಳಲ್ಲಿ ಒಂದೋ ರತ್ನ, ಇಲ್ಲವೇ ದುರ್ಗೆ.

—

ಇಂದ: ಬ.
ಮಧ್ಯಾಹ್ನ 3.10

ನೋಡಿದಿರಾ! ಮಯಣಲ್ಲದಲ್ಲಿ ‘ನಲ್ಲ’ ಇದೆ. ಕನ್ನಡದ ಹುಡುಗಿ, ಕನ್ನಡದ ಹೆಸರು. ಎಲ್ಲರೂ ನಮ್ಮಿಂದಲೇ ತೆಗೆದುಕೊಂಡು ಹೋಗುತ್ತಾರೆ, ನಾವು ಮಾತ್ರ ಅವರ ಹೊಲಿಗೆ ಹಾಕಿಸಿಕೊಂಡು ತೊಡುತ್ತೇವೆ. ಮೀಂಗಣ್ಣಿ ಹೆಸರಲ್ಲ ಅನ್ನುವವರು ಮೊದಲು ಯಾರಾದರೂ ಇಟ್ಟು ನೋಡಲಿ. ಹೆಸರು ಬಳಸಿದರೆ ತಾನೇ ಹೆಸರು?

—

ಇಂದ: ವೆಂ.ರಾ.
ಮಧ್ಯಾಹ್ನ 3.15

ಅಲ್ಲಿರುವುದು ಣಕಾರ.

—

ಇಂದ: ಸು.
ಸಂಜೆ 4.45

ಕಡೆಯ ಕರಡು:

ಮೀನಾಕ್ಷಿ: ಮೀನಿನಂತೆ ನೀಳವೂ ಚಂಚಲವೂ ಆದ ಕಣ್ಣುಳ್ಳವಳು. ರೆಪ್ಪೆ ಮಿಟುಕಿಸದೆ ಕಾಯುವವಳು ಎಂಬುದು ಭಕ್ತರ ಅರ್ಥ. ಮೀನು ದ್ರಾವಿಡ ಮೂಲದ ಪದ, ಅಕ್ಷಿ ಸಂಸ್ಕೃತ.

ಹದಿನೆಂಟು ಪದ ಆಯಿತು. ಎರಡರ ಜಾಗ ಉಳಿದಿದೆ.

—

ಇಂದ: ಬ.
ಸಂಜೆ 4.50

‘ಕನ್ನಡದಲ್ಲಿ ಮೀಂಗಣ್ಣಿ’. ಸರಿಯಾಗಿ ಎರಡು.

—

ಇಂದ: ವೆಂ.ರಾ.
ಸಂಜೆ 4.52

‘ಮೀನು’ ತೆಗೆದು ‘ಮೀನ’ ಮಾಡಿ, ಸಮಾಸದಲ್ಲಿರುವುದು ಅದು. ಉಳಿದ ಜಾಗ ಖಾಲಿ ಬಿಡಿ.

—

ಇಂದ: ಸು.
ಸಂಜೆ 5.20

‘ಮೀನ’ ಮಾಡಿದೆ, ಖಾಲಿಯೇ ಬಿಟ್ಟೆ. ಕಡತ ಅಚ್ಚಿಗೆ ಹೋಯಿತು. ನಾಳೆಯ ಫಲಕ ‘ಮಲ್ಲಿಕಾ’.

—

ಇಂದ: ಬ.
ಸಂಜೆ 5.21

ಮಲ್ಲಿಗೆ.